ಸಾಕು ಅನ್ನೋದಕ್ಕೆ ಅಳತೆ ಯಾವುದು?

ಗ್ರಾಫಿಕ್ಸ್ ಕಾರ್ಡ್ ಕೊಳ್ಳೋಕೆ ಹೊರಟವರಿಗೆ ಮಾರ್ಕೆಟ್ಟು ಒಂದು ಏಣಿ ಹಾಕಿಟ್ಟಿರುತ್ತೆ. 2024ರ ಲೆಕ್ಕ ತಗೊಳ್ಳಿ. ಆರ್‌ಟಿಎಕ್ಸ್ 4060ಕ್ಕೆ 30 ಸಾವಿರದ ಆಸುಪಾಸು. ಇನ್ನೊಂದು 10 ಸಾವಿರ ಹಾಕಿದ್ರೆ 4060 ಟಿಐ. ಅಷ್ಟು ಹಾಕಿದ ಮೇಲೆ ಇನ್ನೊಂದು 15 ಸಾವಿರಕ್ಕೆ ಹಿಂದೆಮುಂದೆ ನೋಡೋದ್ಯಾಕೆ, 4070 ತಗೊಂಡ್ಬಿಡೋಣ ಅನ್ಸುತ್ತೆ. ಒಂದೊಂದು ಮೆಟ್ಟಿಲೂ ಚಿಕ್ಕದೇ. ಆದರೆ ಮೂರನೇ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದ್ರೆ, ಮನೆಯಿಂದ ಹೊರಟಾಗಿನ ಬಜೆಟ್ಟಿಗೆ ಹತ್ತಿರ ಹತ್ತಿರ ಎರಡರಷ್ಟಾಗಿರುತ್ತೆ. ಇಡೀ ಏಣಿಯಲ್ಲಿ ಎಲ್ಲೂ ‘ಇಲ್ಲಿಗೆ ಸಾಕು’ ಅಂತ ಬೋರ್ಡ್ ಇರಲ್ಲ. ಅದನ್ನ ಹಾಕೋದು ಅಂಗಡಿಯವರ ಕೆಲಸವೂ ಅಲ್ಲ.

ಹಾಗಾದ್ರೆ ಯಾರ ಕೆಲಸ? ‘ನಮ್ಮದೇ’ ಅಂತ ತಟ್ಟನೆ ಹೇಳಿಬಿಡಬಹುದು. ಆದರೆ ‘ಸಾಕು’ ಅನ್ನೋ ಪದದ ಮೇಲೆ ನಮ್ಮ ವಯಸ್ಸಿನವರಿಗೆ ಒಳಗೊಳಗೇ ಒಂದು ಸಿಟ್ಟಿದೆ. ಅದು ನನಗೆ ಸರಿಯಾಗಿ ಅರ್ಥವಾಗಿದ್ದು ಬಸವೇಶ್ವರನಗರದಲ್ಲಿರೋ ನನ್ನ ಚಿಕ್ಕಪ್ಪನ ಮಗನ ಮಾತಿನಿಂದ. ಅವನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಎಸ್‌ಪಿ ರೋಡಿಗೆ ಹೋಗಿ ಕಾರ್ಡ್ ನೋಡೋಣ ಅಂತ ಇಬ್ಬರೂ ವಿಜಯನಗರದಲ್ಲಿ ಮೆಟ್ರೋ ಹತ್ತಿದ್ವಿ. ಮೆಜೆಸ್ಟಿಕ್‌ನಲ್ಲಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿಯೋ ಹೊತ್ತಿಗೆ ಅವನು 4060ರಿಂದ 4070ಕ್ಕೆ ಏರಿ, ನೋ ಕಾಸ್ಟ್ ಇಎಂಐ ಎಷ್ಟು ತಿಂಗಳು ಅನ್ನೋ ಲೆಕ್ಕದಲ್ಲಿದ್ದ. “ನಿನಗೆ 4060 ಸಾಕು ಕಣೋ” ಅಂದೆ.

“ಅಣ್ಣಾ, ಚಿಕ್ಕಂದಿನಿಂದ ಸಾಕು ಸಾಕು ಅಂತ ಕೇಳಿಕೊಂಡೇ ಬೆಳೆದಿದ್ದೀನಿ. ಶೂಸು ಇನ್ನೊಂದು ವರ್ಷ ಬರುತ್ತೆ, ಸಾಕು. ಟ್ಯೂಷನ್ ಯಾಕೆ, ಸ್ಕೂಲಲ್ಲಿ ಹೇಳ್ಕೊಡೋದೇ ಸಾಕು. ಈಗ ಸಂಬಳ ನಂದು. ಈಗಲೂ ಸಾಕು ಅಂದ್ರೆ, ‘ಬೇಕು’ ಅನ್ನೋದು ಯಾವಾಗ?”

ಈ ಪ್ರಶ್ನೆಯನ್ನ ‘ದುರಾಸೆ’ ಅಂತ ತಳ್ಳಿಹಾಕೋದು ಅನ್ಯಾಯ. ಇಲ್ಲದಿರುವಿಕೆಗೆ ಗುಣದ ಬಣ್ಣ ಬಳಿದು ಮಕ್ಕಳಿಗೆ ಕೊಟ್ಟಿರೋ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ತೃಪ್ತಿಯ ಪಾಠ ಯಾವಾಗಲೂ ಕಮ್ಮಿ ಇರೋರಿಗೇ ಆಗುತ್ತೆ, ಜಾಸ್ತಿ ಇರೋರಿಗೆ ಆಗೋದು ಕಡಿಮೆ. ಆಯ್ಕೆಯೇ ಇಲ್ಲದ ಕಡೆ ‘ಸಾಕು’ ಅನ್ನೋದು ನೈತಿಕ ನಿರ್ಧಾರ ಅಲ್ಲ, ಬರೀ ಸಮಾಧಾನ.

ಆದರೆ ಅದೇ ಚಿಕ್ಕಪ್ಪನ ಬಾಯಲ್ಲಿ ಇನ್ನೊಂದು ‘ಸಾಕು’ ಇತ್ತು. ಅದು ಮನೆಯಲ್ಲಿ ಕೇಳಿಸ್ತಿರಲಿಲ್ಲ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ವರ್ಕ್‌ಶಾಪಿನಲ್ಲಿ ಕೇಳಿಸ್ತಿತ್ತು. ಅವರು ಲೇತ್ ಆಪರೇಟರ್. ಡ್ರಾಯಿಂಗ್‌ನಲ್ಲಿ ಶಾಫ್ಟಿನ ವ್ಯಾಸ 20 ಮಿಲಿಮೀಟರ್, ಪ್ಲಸ್ ಆರ್ ಮೈನಸ್ 0.05 ಅಂತಿದ್ರೆ, 19.95ರಿಂದ 20.05ರ ಒಳಗೆ ಬಂದ ಪೀಸು ಪಾಸು. ವರ್ನಿಯರ್ ಇಟ್ಟು ನೋಡಿ “ಸಾಕು, ಇಳಿಸು” ಅಂತಿದ್ರು. ಇನ್ನೂ ನುಣ್ಣಗೆ ಮಾಡ್ತೀನಿ ಅಂತ ಗ್ರೈಂಡಿಂಗಿಗೆ ಹಾಕಿದ್ರೆ ಟೈಮು ದಂಡ, ಗಿರಾಕಿ ಅದಕ್ಕೆ ಕಾಸು ಕೊಡಲ್ಲ. ಹಾಗಂತ 19.90ಕ್ಕೆ ಇಳಿಸಿದ್ರೆ ಸೀದಾ ಸ್ಕ್ರಾಪು. ಅಲ್ಲಿ ‘ಸಾಕು’ ಅಂದ್ರೆ ಕಮ್ಮಿಗೆ ಒಪ್ಪಿಕೊಳ್ಳೋದಲ್ಲ. ಕೆಲಸ ಕೇಳೋ ಅಳತೆಗೆ ಸರಿಯಾಗಿ ನಿಲ್ಲೋದು. ಆ ಅಳತೆಗೆ ಎರಡೂ ಕಡೆ ಗಡಿ ಇದೆ.

ಒಬ್ಬನೇ ಮನುಷ್ಯ, ಒಂದೇ ಪದ. ಮನೆಯಲ್ಲಿ ಅದಕ್ಕೆ ಅಳತೆ ಇರಲಿಲ್ಲ, ಜೇಬು ಮಾತ್ರ ಇತ್ತು. ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಇತ್ತು. ಮಗ ಕೇಳಿದ್ದು ಮೊದಲನೇದನ್ನ ಮಾತ್ರ.

ಗ್ರಾಫಿಕ್ಸ್ ಕಾರ್ಡಿಗೂ ಡ್ರಾಯಿಂಗ್ ಬರೆಯಬಹುದು. ಅವನ ಮಾನಿಟರ್ 1920×1080, ಅಂದ್ರೆ 20,73,600 ಪಿಕ್ಸೆಲ್. 4ಕೆ ಪರದೆಗೆ 82,94,400, ಸರಿಯಾಗಿ ನಾಲ್ಕರಷ್ಟು. ನಾಲ್ಕರಷ್ಟು ಬಿಡಿಸೋಕೆ ಮಾಡಿದ ಕಾರ್ಡನ್ನ ಅವನ ಪರದೆಗೆ ಕಟ್ಟಿದ್ರೆ ಬಹಳಷ್ಟು ಹೊತ್ತು ಅದಕ್ಕೆ ಕೆಲಸವೇ ಇರಲ್ಲ. ಆ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತೆ. ಕಾರ್ಡು 140 ಫ್ರೇಮ್ ಕೊಟ್ರೂ ಅದು ಬದಲಿಸೋದು 60 ಸಲವೇ. ಪೈಪೋಟಿಯ ಶೂಟಿಂಗ್ ಗೇಮ್ ಆಡೋರಿಗೆ ಅದರಿಂದಲೂ ಸ್ವಲ್ಪ ಲಾಭ ಇದೆ ನಿಜ, ಇವನು ಆಡೋದು ಕಥೆ ಇರೋ ಗೇಮ್‌ಗಳು. ಇನ್ನು ಕರೆಂಟು: 4060 ಎಳೆಯೋದು 115 ವ್ಯಾಟ್, ಕಂಪನಿ ಕೇಳೋದು 550 ವ್ಯಾಟಿನ ಪವರ್ ಸಪ್ಲೈ. ಅದು ಅವನ ಹತ್ತಿರ ಇತ್ತು. 4070 ಎಳೆಯೋದು 200, ಕೇಳೋದು 650. ಅಂದ್ರೆ ಪವರ್ ಸಪ್ಲೈಯೂ ಹೊಸದು. ಏಣಿಯಲ್ಲಿ ಕಾಣದ ಮೆಟ್ಟಿಲು ಅದು.

ಕೆಳಗಡೆಯ ಗಡಿಯನ್ನೂ ಹೇಳಬೇಕು. 4060ದಲ್ಲಿ ಮೆಮೊರಿ 8 ಜಿಬಿ. ಹೊಸ ಕೆಲವು ಗೇಮ್‌ಗಳಲ್ಲಿ ಟೆಕ್ಸ್ಚರ್ ಪೂರ್ತಿ ಮೇಲೆ ಇಟ್ರೆ ಅದು ಸಾಲಲ್ಲ, ಒಂದು ಹಂತ ಇಳಿಸಬೇಕು. ಅವನ ಹತ್ತಿರ 1440ಪಿ ಮಾನಿಟರ್ ಇದ್ದಿದ್ರೆ ‘12 ಜಿಬಿದೇ ತಗೋ’ ಅಂತ ನಾನೇ ಹೇಳ್ತಿದ್ದೆ. ಉಳಿಸೋ ಹುಚ್ಚಿನಲ್ಲಿ ಕೆಲಸಕ್ಕೆ ಬಾರದ್ದನ್ನ ತರೋದು ಲೇತಿನ ಲೆಕ್ಕದಲ್ಲಿ ಸ್ಕ್ರಾಪೇ.

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟೆ. ಅಂಗಡಿಯಲ್ಲಿ ನಿಂತು ಅದನ್ನ ಎರಡು ಸಲ ಓದಿ 4060 ತಗೊಂಡ. ಆ ಸಂಜೆ ಕೂರಿಸುವಾಗ ಚಿಕ್ಕಪ್ಪನೂ ಬಂದು ಕೂತ್ರು. ಪ್ಲಗ್ ಕಿತ್ತು, ಮೈಯಲ್ಲಿರೋ ಸ್ಟ್ಯಾಟಿಕ್ ಹೋಗಲಿ ಅಂತ ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಹಿಂದಿನ ಎರಡು ಪಟ್ಟಿ ಬಿಚ್ಚಿದ್ವಿ. ಚಿಕ್ಕಪ್ಪ ಸ್ಟೀಲ್ ಟೇಪ್ ಹಿಡಿದು “ಒಳಗೆ 280 ಇದೆ, ನಿಮ್ಮದು ಎಷ್ಟು?” ಅಂದ್ರು. ನಮ್ಮದು ಎರಡು ಫ್ಯಾನಿನದು, 240. ಅಂಗಡಿಯಲ್ಲಿ ನೋಡಿದ್ದ 4070 ಮೂರು ಫ್ಯಾನಿನದು, 300 ದಾಟಿತ್ತು. ಕಾರ್ಡನ್ನ ನೇರ ಇಟ್ಟು ಒತ್ತಿದಾಗ ಸ್ಲಾಟಿನ ಕ್ಲಿಪ್ಪು ‘ಟಕ್’ ಅಂತು. ಸ್ಕ್ರೂ ಬಿಗಿದು, 8 ಪಿನ್ ಕೇಬಲ್ ಸಿಕ್ಕಿಸಿ, ಮಾನಿಟರ್ ವೈರನ್ನ ಮದರ್‌ಬೋರ್ಡಿನಿಂದ ಕಾರ್ಡಿಗೆ ಬದಲಿಸಿದ್ವಿ.

ಇದನ್ನ ‘ಕಡಿಮೆಯದೇ ಒಳ್ಳೇದು’ ಅನ್ನೋ ನೀತಿಕಥೆ ಮಾಡೋಕೆ ನನಗಿಷ್ಟ ಇಲ್ಲ. ಇಎಂಐ ಕಟ್ಟಿಯಾದ್ರೂ ಅತಿ ದೊಡ್ಡ ಕಾರ್ಡ್ ಇಟ್ಟುಕೊಂಡು ಖುಷಿಯಾಗಿರೋರು ಇದ್ದಾರೆ. ಖುಷಿಯೂ ಒಂದು ಅಳತೆಯೇ, ಅದನ್ನ ಮೊದಲೇ ಡ್ರಾಯಿಂಗ್‌ನಲ್ಲಿ ಬರೆದುಕೊಂಡಿದ್ರೆ. ನನ್ನ ತಕರಾರು ಇಷ್ಟೇ: ಅಳತೆ ಬರೆಯದೆ ಅಂಗಡಿಗೆ ಹೋದವನ ‘ಬೇಕು’ ಅವನದ್ದಲ್ಲ, ಮುಂದಿನ ಮೆಟ್ಟಿಲಿನದ್ದು. ಅಳತೆ ಇಲ್ಲದೆ ಮಕ್ಕಳ ಮೇಲೆ ಹೇರಿದ ‘ಸಾಕು’ ಕೂಡ ಅವರದ್ದಲ್ಲ, ಖಾಲಿ ಜೇಬಿನದ್ದು. ಎರಡರಲ್ಲೂ ನಿರ್ಧಾರ ಮಾಡಿದ್ದು ಬೇರೆ ಯಾರೋ.

ಮುಂದಿನ ವರ್ಷ ಅವನು ದೊಡ್ಡ ಮಾನಿಟರ್ ತಗೋಬಹುದು. ಆಗ ಈ ಕಾರ್ಡು ಸಾಲಲ್ಲ, ಇನ್ನೊಂದು ಚೀಟಿ ಬರೀಬೇಕು. ಅದನ್ನ ಅವನೇ ಬರೀಲಿ.