ಬೇರೆ ಲೋಟ ಮತ್ತು ಅಹಿಂಸಾಣುವ್ರತ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಹತ್ತಿ, ತೊಗರಿ, ಭತ್ತಗಳೇ ವ್ಯಾಪಾರದ ಜೀವಾಳ. ನಾರಾಯಣಪುರ ಜಲಾಶಯದ ಕಾಲುವೆ ಹರಿದ ಮೇಲೆ ಶಹಾಪುರ, ಸುರಪುರಗಳ ಎಷ್ಟೋ ಒಣಹೊಲಗಳು ಗದ್ದೆಗಳಾದವು. ಇಲ್ಲಿನ ಗಿರಣಿ, ಗೋದಾಮು, ಅಡತಿ ಅಂಗಡಿಗಳಲ್ಲಿ ದುಡಿಯುವ ಹಮಾಲರೂ ಕೂಲಿಯ ಹೆಣ್ಣುಮಕ್ಕಳೂ ನಾನಾ ಕುಲಗಳಿಂದ ಬಂದವರು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ನಾಡಿನಲ್ಲಿ ಕೆಲಸಗಾರನ ಕ್ಷೇಮದ ಮೊದಲ ಪ್ರಶ್ನೆಯೇ ಕುಡಿಯುವ ನೀರು. ಆ ನೀರನ್ನು ಕೆಲವರಿಗೆ ಮಾತ್ರ ಬೇರೆ ಲೋಟದಲ್ಲಿ ಕೊಡುವ, ಇಲ್ಲವೆ ಮೇಲಿನಿಂದ ಬೊಗಸೆಗೆ ಹೊಯ್ಯುವ ರೂಢಿ ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿ ಶ್ರಾವಕನ ವ್ರತದ ಗತಿಯೇನೆಂಬುದು ವಿಚಾರಣೀಯ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯ ಎರಡು ಕೊಲ್ಲುವವನನ್ನು ಕುರಿತವಲ್ಲ, ದುಡಿಸಿಕೊಳ್ಳುವವನನ್ನು ಕುರಿತವು. ‘ನೀರನ್ನು ತಡೆದಿಲ್ಲವಲ್ಲ, ಪಾತ್ರೆಯಷ್ಟೇ ಬೇರೆ’ ಎಂದು ಧಣಿ ಸಮಾಧಾನ ಹೇಳಬಹುದು. ಆ ಲೋಟವನ್ನು ಮುಟ್ಟಲೊಲ್ಲದವನು ಬಾಯಾರಿಕೊಂಡೇ ಮೂಟೆ ಹೊರುತ್ತಾನೆ. ಧಣಿಯ ಕೈ ತಡೆಯಲಿಲ್ಲವೆಂಬುದು ನಿಜ. ಆತ ಕುಡಿಯಲಿಲ್ಲವೆಂಬುದೂ ನಿಜ.

ಆಹಾರಶುದ್ಧಿಯ ಮಾತು ಇದಕ್ಕಿಂತ ಗಂಭೀರವಾದುದು. ನೀರನ್ನು ಗಾಳಿಸಿ ಕುಡಿಯುವ, ಗೆಡ್ಡೆಗೆಣಸನ್ನೂ ವರ್ಜಿಸುವ ಮನೆತನವು ಮಾಂಸಾಹಾರಿಗೆ ಬೇರೆ ಪಾತ್ರೆ ಇಟ್ಟರೆ ಅದನ್ನು ಆಚಾರವೆನ್ನಬೇಕೇ ಹೊರತು ಅಹಂಕಾರವೆನ್ನಲಾಗದು. ಆದರೆ ಈ ನಿಯಮ ಕೇಳುವುದು ಏನನ್ನು? ಉಣ್ಣುವುದನ್ನೋ, ಹುಟ್ಟಿದ್ದನ್ನೋ? ಮಾಂಸ ತಿನ್ನುವ ಬ್ಯಾಂಕಿನ ಅಧಿಕಾರಿಗೆ ಗದ್ದಿಗೆಯ ಮೇಲೆ ಕೂರಿಸಿ ಮನೆಯ ಕಪ್ಪಿನಲ್ಲಿಯೇ ಚಹಾ ಕೊಟ್ಟು, ಮಾಂಸ ಬಿಟ್ಟು ವರ್ಷಗಳಾದ ಹಮಾಲನಿಗೆ ಹೊರಗಿನ ಲೋಟವನ್ನೇ ತೋರಿಸಿದರೆ, ಅಲ್ಲಿ ಆಹಾರದ ಪ್ರಶ್ನೆ ಉಳಿದಿಲ್ಲ. ಶುದ್ಧಿಯ ಹೆಸರನ್ನು ಜಾತಿಮದವು ಎರವಲು ಪಡೆದಿದೆ, ಅಷ್ಟೆ.

ಯಾದಗಿರಿಯ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿಯೇ ಮನುಷ್ಯಜಾತಿ ಒಂದೇ, ಭೇದ ಬಂದದ್ದು ವೃತ್ತಿಯಿಂದ ಎಂದರು. 941ರ ಆದಿಪುರಾಣದಲ್ಲಿ ಪಂಪನೂ ಮನುಷ್ಯಜಾತಿಯ ಏಕತೆಯನ್ನು ಸಾರಿದನು. ವೃತ್ತಿಯೇ ಭೇದದ ಮೂಲವಾದರೆ, ಒಂದೇ ಯಂತ್ರದ ಮುಂದೆ ಒಂದೇ ಧೂಳು ಕುಡಿಯುವ ಇಬ್ಬರಲ್ಲಿ ಭೇದಕ್ಕೆ ಆಧಾರವೆಲ್ಲಿ? ಕಸ ಬಳಿಯುವ ಕೆಲಸ ಮಾತ್ರ ತಲೆಮಾರುಗಳಿಂದ ಒಂದೇ ಓಣಿಗೆ ಸಲ್ಲುತ್ತಿದ್ದರೆ ಜಿನಸೇನರ ಮಾತನ್ನು ತಲೆಕೆಳಗು ಮಾಡಿದಂತಾಗುತ್ತದೆ: ಅಲ್ಲಿ ಹುಟ್ಟೇ ವೃತ್ತಿಯನ್ನು ಗೊತ್ತುಮಾಡುತ್ತದೆ.

ಅಮೆರಿಕಕ್ಕೆ ಹೋದ ಮಗನಿಗೆ ಕಚೇರಿಯಲ್ಲಿ ಮೈಬಣ್ಣದ ಕಾರಣ ಅವಮಾನವಾದರೆ ಇಲ್ಲಿ ತಂದೆತಾಯಿಗಳು ಕುದಿಯುತ್ತಾರೆ, ನ್ಯಾಯವೇ. ಅಲ್ಲಿನ 1964ರ ನಾಗರಿಕ ಹಕ್ಕುಗಳ ಕಾಯಿದೆ ಉದ್ಯೋಗದಲ್ಲಿ ವರ್ಣಭೇದವನ್ನು ನಿಷೇಧಿಸಿತು. 2023ರಲ್ಲಿ ಸಿಯಾಟಲ್ ನಗರವು ಜಾತಿಭೇದವನ್ನೂ ಅದೇ ಸಾಲಿಗೆ ಸೇರಿಸಿತು. ಭಾರತದ ಸಂವಿಧಾನದ 17ನೆಯ ವಿಧಿಯಂತೂ 1950ರಿಂದಲೇ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಕಾನೂನುಗಳಿಗಿಂತ ಬಹಳ ಮೊದಲೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸುವಾಗ ಕುಲ, ಜಾತಿಗಳ ಜೊತೆಗೆ ಶರೀರವನ್ನೂ ಇಟ್ಟರು. ಬಿಳಿಯ ಮೈಯ ಗರ್ವವೂ ಮೇಲ್ಕುಲದ ಗರ್ವವೂ ಅಲ್ಲಿ ಒಂದೇ ಪಟ್ಟಿಯಲ್ಲಿವೆ.

ಗಿರಣಿಯ ಧಣಿಯನ್ನು ಪ್ರಶ್ನಿಸುವ ಮೊದಲು ಬಸದಿಯ ಟ್ರಸ್ಟುಗಳು ತಮ್ಮ ಅಂಗಳವನ್ನೇ ನೋಡಿಕೊಳ್ಳಬಹುದು. ಉತ್ಸವದ ಹಿಂದಿನ ರಾತ್ರಿ ಅಂಗಳ ತೊಳೆದವರಿಗೆ ಮರುದಿನದ ಊಟ ಯಾವ ಹೊತ್ತಿಗೆ, ಯಾವ ಪಂಕ್ತಿಯಲ್ಲಿ ಎಂಬುದು ಮುಂದಿನ ಸಭೆಯಲ್ಲಿಯೇ ಚರ್ಚೆಗೆ ಬರಬಹುದಾದ ವಿಷಯ.