ಅರ್ಥ ಹೇಳುವ ಹಕ್ಕು ಯಾರದು?

ಪತ್ತನಾಜೆ ಕಳೆದು ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಯ ಕಾಲ. ಹೊರಗೆ ಮಳೆ ಹೊಡೆಯುತ್ತಿರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಊರುಗಳಲ್ಲಿ ದೇವಸ್ಥಾನದ ಚಾವಡಿಯಲ್ಲೋ ಶಾಲೆಯ ಹಾಲಿನಲ್ಲೋ ನಾಲ್ಕಾರು ಜನ ಎದುರುಬದುರು ಕೂರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಅರ್ಥಧಾರಿಗಳು ಅದಕ್ಕೆ ಅಲ್ಲೇ, ಆಗಲೇ ಅರ್ಥ ಹೇಳುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ.

ಆದರೆ ಕಟ್ಟುಪಾಡು ಇದೆ. ಮಾತು ಅರ್ಥಧಾರಿಯದು, ಕಥೆ ಪದ್ಯದ್ದು. ವಾಲಿಯ ಅರ್ಥ ಹೇಳುವವನು ರಾಮನನ್ನು ಗಂಟೆಗಟ್ಟಲೆ ಜಗ್ಗಾಡಬಹುದು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಕೇಳಿ ರಾಮನ ಬಾಯಿ ಕಟ್ಟಿಸಬಹುದು. ಸಭೆ ಚಪ್ಪಾಳೆ ಹೊಡೆಯಬಹುದು. ಮುಂದಿನ ಪದ ಬಂತೋ, ವಾಲಿ ಸಾಯಲೇಬೇಕು. ವಾದ ಗೆದ್ದರೂ ಜೀವ ಉಳಿಯುವುದಿಲ್ಲ.

ಇದನ್ನು ನಾವು ಬಹಳ ಕಾಲ ಕಲೆಯ ಸೊಗಸು ಎಂದಷ್ಟೇ ತಿಳಿದಿದ್ದೆವು. ನಮ್ಮ ಕಣ್ಣು ತೆರೆಸಿದವನು ಒಬ್ಬ ಹುಡುಗ.

ಬಂಟ್ವಾಳ ತಾಲೂಕಿನ ಒಂದು ಹಾಸ್ಟೆಲಿನಲ್ಲಿ ಮಕ್ಕಳನ್ನು ಕೂರಿಸಿ ಏಕಲವ್ಯನ ಕಥೆಯನ್ನು ತಾಳಮದ್ದಳೆಯಂತೆ ಆಡಿಸುತ್ತಿದ್ದೆವು. ನಮ್ಮಲ್ಲೊಬ್ಬರು ಹಾಡುತ್ತಿದ್ದರು. ದ್ರೋಣನಾದ ಹುಡುಗ ಗತ್ತಿನಿಂದ ಹೆಬ್ಬೆರಳು ಕೇಳಿದ. ಏಕಲವ್ಯನಾದವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕೊಡುದಿಲ್ಲ" ಅಂದ.

"ಹಾಗೆ ಹೇಳ್ಲಿಕ್ಕಿಲ್ಲ ಮಾರಾಯ, ಮುಂದಿನ ಪದ ಉಂಟು" ಎಂದೆವು.

"ಪದ ನಿಮ್ಮದು ಸರ್. ಬೆರಳು ನನ್ನದಲ್ವಾ?"

ನಮಗೆ ಉತ್ತರ ಹೊಳೆಯಲಿಲ್ಲ. ದ್ರೋಣನಾದವನು ಗಾಬರಿಯಿಂದ ಕೇಳಿದ: "ಸರ್, ಇವ ಕೊಡದಿದ್ರೆ ನಾನು ಎಂತ ಹೇಳುದು?"

ಗೆಳೆಯರೇ, ಈ ಎರಡು ಪ್ರಶ್ನೆಗಳ ನಡುವೆ ಒಂದು ದೊಡ್ಡ ನೀತಿಪ್ರಶ್ನೆ ಸಿಕ್ಕಿಕೊಂಡಿದೆ. ಮಾತಾಡಲು ಬಿಡುವುದು ಬೇರೆ, ಮುಂದೇನಾಗಬೇಕೆಂದು ತೀರ್ಮಾನಿಸಲು ಬಿಡುವುದು ಬೇರೆ. ನಮ್ಮ ಸಮಾಜ ಮೊದಲನೆಯದನ್ನು ಆಗೊಮ್ಮೆ ಈಗೊಮ್ಮೆ ಕೊಟ್ಟಿದೆ. ಎರಡನೆಯದನ್ನು ಕೈಬಿಟ್ಟಿಲ್ಲ.

ಕೋಲವನ್ನೇ ನೋಡಿ. ನಲಿಕೆ, ಪರವ, ಪಂಬದ ಜನ ಅಣಿ ಕಟ್ಟಿ ನಿಂತಾಗ ಗುತ್ತಿನ ಯಜಮಾನನೂ ಕೈ ಮುಗಿಯುತ್ತಾನೆ. ದೈವ ನುಡಿ ಕೊಡುತ್ತದೆ, ಗದರುತ್ತದೆ, ತಪ್ಪು ಕೇಳುತ್ತದೆ. ಬೆಳಕು ಹರಿದು ಬಣ್ಣ ತೊಳೆದ ಮೇಲೆ? ರಾತ್ರಿ ಕೈ ಮುಗಿಸಿಕೊಂಡವನು ಹಗಲು ಕೈ ಕಟ್ಟಿ ನಿಲ್ಲಬೇಕಾಗಿ ಬಂದ ಚರಿತ್ರೆ ನಮ್ಮ ಊರುಗಳದು. ಮಾತಿನ ಅಧಿಕಾರ ಅವನಿಗೆ ಸಿಕ್ಕಿದ್ದು ಕಡವಾಗಿ. ಬೆಳಗಾಗುವುದರೊಳಗೆ ಹಿಂದಿರುಗಿಸಬೇಕಿತ್ತು.

ಹಾಗಾದರೆ ನಮ್ಮವರು ಕಥೆಯನ್ನು ಎಂದೂ ತಿದ್ದಲಿಲ್ಲವೇ? ತಿದ್ದಿದ್ದಾರೆ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ಬೆಳ್ತಂಗಡಿ ತಾಲೂಕಿನ ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಶಾಸನ ನಿಲ್ಲಿಸಿದ ಅರಸರ ಹೆಸರು ಹೇಳುತ್ತದೆ. ಪಾಡ್ದನ ಕೆತ್ತಿದ ಕಲ್ಕುಡನ ಹೆಸರು ಹೇಳುತ್ತದೆ. ಇಂಥದ್ದನ್ನು ಇನ್ನೆಲ್ಲೂ ಮಾಡಬಾರದೆಂದು ಕಾರ್ಕಳದ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಕೈಕಾಲಿನಲ್ಲೇ ಅವನು ವೇಣೂರಿನಲ್ಲಿ ಗೊಮ್ಮಟನನ್ನು ಕೆತ್ತಿದ. ಆಮೇಲೆ ತಂಗಿ ಕಲ್ಲುರ್ಟಿಯೊಡನೆ ದೈವವಾಗಿ ಅರಸನ ಮೇಲೆ ಸೇಡು ತೀರಿಸಿದ. ಒಬ್ಬ ಮನುಷ್ಯ ಇಷ್ಟು ವರ್ಷ ಬದುಕುವುದುಂಟೇ ಎಂದು ಪಂಡಿತರು ನಗಬಹುದು. ಇಸವಿಯ ಲೆಕ್ಕ ತಪ್ಪಿರಬಹುದು, ಅನ್ಯಾಯದ ಲೆಕ್ಕ ತಪ್ಪಿಲ್ಲ. ಅರಸನ ಶಾಸನದಲ್ಲಿ ಜಾಗವಿಲ್ಲದವರು ಬಾಯಲ್ಲೇ ಇನ್ನೊಂದು ಶಾಸನ ಬರೆದರು. ಆದರೂ ಕಡಿದ ಕೈ ಚಿಗುರಲಿಲ್ಲ. ನ್ಯಾಯ ಸಿಗಲು ಅವನು ದೈವವೇ ಆಗಬೇಕಾಯಿತು. ಬದುಕಿರುವಾಗಲೇ ಸಿಗಬೇಕಾದರೆ ಕಥೆ ಮಾತ್ರ ಸಾಲದು, ಕಟ್ಟುಪಾಡೇ ಬದಲಾಗಬೇಕು.

ಕಟ್ಟುಪಾಡು ಬದಲಿಸುವುದು ಹೇಗೆ? ಎರಡು ನಿದರ್ಶನ ಕೊಡುತ್ತೇವೆ. ಎರಡೂ 1974ರವು.

ಒಂದು ಅಮೆರಿಕದ್ದು. ಆ ವರ್ಷ ಗೈಗ್ಯಾಕ್ಸ್, ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರತಂದರು. ಮೇಜಿನ ಸುತ್ತ ಕೂತು ಬಾಯಲ್ಲೇ ಕಥೆ ಕಟ್ಟುವ ಆಟ. ನಮ್ಮ ತಾಳಮದ್ದಳೆಗೆ ದೂರದ ನೆಂಟ ಅನ್ನಿ. ಒಬ್ಬ ಯಜಮಾನ ಲೋಕವನ್ನು ವರ್ಣಿಸುತ್ತಾನೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಸಂಶಯ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಮುಂದೆ ಯಜಮಾನನೇ ಇಲ್ಲದ ಆಟಗಳೂ ಬಂದವು. 2009ರ 'ಫಿಯಾಸ್ಕೊ' ಅಂಥದ್ದು. ಅದರಲ್ಲಿ ನಿಮ್ಮ ಸರದಿ ಬಂದಾಗ ದೃಶ್ಯವನ್ನು ಕಟ್ಟುವುದೋ, ಅದರ ಫಲ ನಿರ್ಧರಿಸುವುದೋ, ಒಂದನ್ನೇ ಆರಿಸಬೇಕು. ಇನ್ನೊಂದು ಉಳಿದವರ ಪಾಲು. ಆಟವೇ ಇರಬಹುದು, ಒಳಗಿರುವ ವಿವೇಕ ಆಟದ್ದಲ್ಲ. ಶುರುವೂ ಕೊನೆಯೂ ಒಬ್ಬನ ಕೈಯಲ್ಲೇ ಇದ್ದರೆ ನಡುವಿನವರು ಬರೀ ಹೂಂಗುಟ್ಟುವವರು.

ಇನ್ನೊಂದು ನಮ್ಮದೇ. ಅದೇ ವರ್ಷದ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ನಮೂನೆ 7ರಲ್ಲಿ ಡಿಕ್ಲರೇಶನ್ ಹಾಕಿ 'ಈ ಗದ್ದೆ ಉತ್ತವನು ನಾನು' ಎಂದು ಹೇಳುವಂತಾಯಿತು. ಟ್ರಿಬ್ಯೂನಲ್ಲಿನಲ್ಲಿ ಪರಿಶಿಷ್ಟ ಜಾತಿ, ಪಂಗಡದ ಸದಸ್ಯನೊಬ್ಬನಾದರೂ ಕೂರಬೇಕೆಂದಿತ್ತು. ಮೊದಲಿಗೆ ವಕೀಲರಿಗೆ ಅಲ್ಲಿ ಅವಕಾಶವಿರಲಿಲ್ಲ. ಒಕ್ಕಲು ತನ್ನ ಅರ್ಥ ತಾನೇ ಹೇಳಬೇಕು, ಧಣಿ ಕೂತು ಕೇಳಬೇಕು! ತಲೆಮಾರುಗಳಿಂದ ಒಂದೇ ಪದ ಕೇಳುತ್ತಿದ್ದ ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆಗಳ ಕಥೆ ಅಲ್ಲಿ ಬದಲಾಯಿತು.

ಆದರೆ ಇಲ್ಲಿಯೂ ಒಂದು ಮುಳ್ಳಿದೆ. ಗೇಣಿಚೀಟಿ ಇದ್ದವನಿಗೆ, ಸಾಕ್ಷಿ ಇದ್ದವನಿಗೆ ಪಾತ್ರವಿತ್ತು. ಧಣಿಯ ಗದ್ದೆಯಲ್ಲೂ ಒಕ್ಕಲಿನ ಗದ್ದೆಯಲ್ಲೂ ಕೂಲಿಗೆ ದುಡಿದ ದಲಿತನ ಹೆಸರಲ್ಲಿ ಗೇಣಿಯೇ ಇರಲಿಲ್ಲ. ನಮೂನೆ 7ರಲ್ಲಿ ಅವನು ಏನೆಂದು ಬರೆಯಬೇಕಿತ್ತು? ನಿಯಮ ಬದಲಾದರೂ ಅವನಿಗೆ ಪದವೇ ಬರಲಿಲ್ಲ. ಆದ್ದರಿಂದ ಯಾವ ನಿಯಮವನ್ನು ಕಂಡರೂ ನಾವು ಮೂರು ಮಾತು ಕೇಳಬೇಕು. ಕೂರಲು ಯಾರಿಗೆ ಜಾಗವಿದೆ? ಕೊನೆಯನ್ನು ಹೇಳುವವರು ಯಾರು? ನಿಯಮವನ್ನೇ ತಿದ್ದುವ ಹಕ್ಕು ಯಾರದು? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಮೊದಲಿನ ಎರಡು ಬರೀ ಉಪಚಾರ.

'ಎಲ್ಲರೂ ಕಥೆ ತಿರುಗಿಸಿದರೆ ಕಥೆ ಉಳಿದೀತೇ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬೇಡ ಎಂದವನಿಗೆ ಮುಂದಿನ ಹೊಣೆಯೂ ಬರುತ್ತದೆ. ಹಕ್ಕು ಹಂಚಿಕೊಂಡವರು ಹೊಣೆಯನ್ನೂ ಹಂಚಿಕೊಳ್ಳಬೇಕು.

ಹಾಸ್ಟೆಲಿನಲ್ಲಿ ಆ ದಿನ ಹಾಗೇ ಆಯಿತು. ಪದ ನಿಲ್ಲಿಸಿದೆವು. "ನೀನೇ ಹೇಳು, ಎಂತ ಕೇಳ್ತಿ?" ಎಂದು ದ್ರೋಣನಿಗೆ ಬಿಟ್ಟೆವು. ಅವನು ತಲೆ ಕೆರೆದ. ಬೆರಳು ಕೇಳುವುದು ಅವನಿಗೆ ಸುಲಭವಾಗಿತ್ತು. ಬೆರಳಿಲ್ಲದೆ ಮಾತು ಮುಂದುವರಿಸುವುದು ಕಷ್ಟವಾಯಿತು. ಕೊನೆಗೆ ಕೇಳಿದ: "ನೀನು ಇದನ್ನು ಹೇಗೆ ಕಲ್ತದ್ದು?"

ಏಕಲವ್ಯ ಹೇಳತೊಡಗಿದ. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.