ಚೆಂಡು ಹೂವಲ್ಲದ ಗಿಡ

ಕೋಲಾರದ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಎರಡು ಕುಂಡಗಳಿವೆ. ಒಂದರಲ್ಲಿ ತುಳಸಿ, ಇನ್ನೊಂದರಲ್ಲಿ ನನ್ನ ರೂಮ್‌ಮೇಟ್ ಬಿತ್ತಿದ ಗಾಂಜಾ. ಮನೆ ಮಾಲೀಕರಾದ ಅಜ್ಜಿ ಶ್ರೀನಿವಾಸಪುರದ ಕಡೆಯವರು. ಗರಗಸದಂಥ ಎಲೆ ನೋಡಿ ಚೆಂಡು ಹೂವಿನ ಸಸಿಯೆಂದುಕೊಂಡು ದಿನಾ ನೀರು ಹಾಕುತ್ತಿದ್ದಾರೆ.

‘ನನ್ನ ಗಿಡ, ನನ್ನ ದೇಹ, ಯಾರಿಗೇನು ತೊಂದರೆ?’ ಎನ್ನುತ್ತಾನೆ ಗೆಳೆಯ. ಜಾನ್ ಸ್ಟುವರ್ಟ್ ಮಿಲ್‌ನನ್ನು ಓದಿಕೊಂಡವನು. 1985ರ ಎನ್‌ಡಿಪಿಎಸ್ ಕಾಯ್ದೆ ವಿಚಿತ್ರವೇ: ಹೂತುದಿಯಿಲ್ಲದ ಬರೀ ಎಲೆ ಅದರ ಪ್ರಕಾರ ಗಾಂಜಾ ಅಲ್ಲ; ಗಿಡ ಬೆಳೆಸಿದರೆ ಮಾತ್ರ 10 ವರ್ಷದವರೆಗೆ ಜೈಲು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗುವುದನ್ನು ಪತ್ರಿಕೆಗಳೇ ಬರೆದಿವೆ. ಇಲ್ಲಿಯವರೆಗೆ ನಾನು ಅವನ ಪರ.

ಆದರೆ ಅದೇ ಕಾಯ್ದೆಯ 25ನೇ ಕಲಂ, ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟ ಮಾಲೀಕರನ್ನೂ ಅಪರಾಧಿಯಾಗಿಸುತ್ತದೆ. ಅಜ್ಜಿಗೆ ನಿಜ ಹೇಳಿದರೆ, ಅವರು ಸುಮ್ಮನಿದ್ದ ಗಳಿಗೆಯಿಂದ ಪಾಲುದಾರರು. ಹೇಳದಿದ್ದರೆ, ಅವರ ಕೈಯಲ್ಲೇ ನೀರು ಹಾಕಿಸುವ ನಾವು ಮೋಸಗಾರರು. ಮಿಲ್‌ನ ‘ಬೇರೆಯವರಿಗೆ ಹಾನಿ’ಯ ಲೆಕ್ಕದಲ್ಲಿ ಈ ನೀರಿನ ಚೊಂಬು ಎಲ್ಲಿ ಬರುತ್ತದೆ?

ನಿನ್ನೆ ಗೆಳೆಯನಿಗೆ ಹೇಳಿದೆ: ಭಾನುವಾರದೊಳಗೆ ನೀನು ಕೀಳು, ಇಲ್ಲವೇ ನಾನು ಕೀಳುತ್ತೇನೆ.

ಇವತ್ತು ಬೆಳಿಗ್ಗೆ ಅಜ್ಜಿ ಕೇಳಿದರು, ‘ಮೊಗ್ಗು ಬಂತೇನಪ್ಪಾ?’